ಗೊದಮೊಟ್ಟೆ ಸಾಕೋರಿಗೆ: ಆರ್‌ಒ ನೀರು ಬೇಡ, ಸುಣ್ಣದಂಶ ಇರೋ ನೀರು ಹಾಕಿ

ಪ್ರತಿ ಮಳೆಗಾಲ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ. ಹಿತ್ತಲ ಡ್ರಮ್ಮಿನ ಒಳಗಡೆ ಗೋಡೆಗೆ ಬಿಳಿ ನೊರೆ ಅಂಟ್ಕೊಂಡಿತ್ತು, ಈಗ ನೋಡಿದ್ರೆ ಕೆಳಗೆ ನೀರಲ್ಲಿ ಗೊದಮೊಟ್ಟೆ ಓಡಾಡ್ತಿವೆ, ಡ್ರಮ್ ಖಾಲಿ ಮಾಡ್ಲೇಬೇಕು, ಇವನ್ನ ಏನ್ ಮಾಡ್ಲಿ ಅಂತ. ಆ ನೊರೆ ಮರಗಪ್ಪೆ ಗೂಡು. ನೀರಿನ ಮೇಲ್ಗಡೆ ನೊರೆ ಕಟ್ಟಿ ಅದರೊಳಗೆ ಮೊಟ್ಟೆ ಇಡತ್ತೆ, ಕೆಲವು ದಿನ ಆದ್ಮೇಲೆ ಮರಿಗಳು ಅಲ್ಲಿಂದ ಜಾರಿ ಕೆಳಗಿನ ನೀರಿಗೆ ಬೀಳ್ತವೆ. ಇನ್ನು ಕೆಲವರು ರಸ್ತೆ ಪಕ್ಕದ ಹೊಂಡ ಒಣಗ್ತಾ ಬಂತು, ಮರಿಗಳೆಲ್ಲ ಕೆಸರಲ್ಲಿ ಒದ್ದಾಡ್ತಿದ್ವು ಅಂತ ಬಕೆಟ್ಟಲ್ಲಿ ತುಂಬ್ಕೊಂಡು ಬಂದಿರ್ತಾರೆ. ಈ ಎರಡು ಸಂದರ್ಭಕ್ಕೆ ಮಾತ್ರ ಇದನ್ನ ಬರೀತಿದೀನಿ. ಚೆನ್ನಾಗಿರೋ ಕೆರೆಯಿಂದ, ಕಾಡಿನ ತೊರೆಯಿಂದ ಆಸೆಗೆ ಹಿಡ್ಕೊಂಡು ಬರ್ಬೇಡಿ, ಅವು ಅಲ್ಲೇ ಇರ್ಲಿ. ಕಪ್ಪೆಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ವ್ಯಾಪ್ತಿಗೆ ಬರ್ತವೆ ಅನ್ನೋದು ನೆನಪಿರ್ಲಿ.

ಮೊದಲ ವರ್ಷ ನನ್ನ ಕೈಯಲ್ಲಿ ಏನಾಯ್ತು ಅಂತ ಹೇಳ್ತೀನಿ, ಯಾಕಂದ್ರೆ ಅದೇ ತಪ್ಪನ್ನ ತುಂಬಾ ಜನ ಮಾಡ್ತಾರೆ. ಸುಮಾರು ಮೂವತ್ತು ಮರಗಪ್ಪೆ ಮರಿ, ಇಪ್ಪತ್ತು ಲೀಟರ್ ಟಬ್ಬು. ಬೋರ್ ನೀರು ಗಡಸು, ಮರಿಗೆ ಆಗ್ದೇ ಹೋದ್ರೆ ಅಂತ ಹೆದರಿ ಅಡುಗೆಮನೆ ಆರ್‌ಒ ನೀರೇ (ಖನಿಜ ಹೆಚ್ಚುಕಮ್ಮಿ ಎಲ್ಲ ಸೋಸಿ ತೆಗೆದಿರೋ ನೀರು) ತುಂಬ್ಸಿದೆ, ಬದಲಾಯಿಸುವಾಗ್ಲೂ ಅದೇ. ತಿಂಗಳೂವರೆ ಚೆನ್ನಾಗೇ ಇದ್ವು, ತಿಂದ್ವು, ದಪ್ಪ ಆದ್ವು, ಹಿಂಗಾಲು ಬಂತು. ಮುಂಗಾಲು ಬಂದಾಗ ಗೊತ್ತಾಯ್ತು. ಟಬ್ಬಿನ ಅಂಚಿಗೆ ಇಟ್ಟಿದ್ದ ಕಲ್ಲಿನ ಮೇಲೆ ಒಂದು ಮರಿ ಹತ್ತಿ ಕೂತಿತ್ತು, ಕೂತಿತ್ತು ಅನ್ನೋಕ್ಕಿಂತ ಬಿದ್ದಿತ್ತು. ಮುಂಗಾಲು ಎರಡೂ ಹೊಲಿಗೆ ದಾರದಷ್ಟು ಸಣ್ಣ, ಎದೆ ಕೆಳಗೆ ಮಡಚ್ಕೊಂಡಿವೆ, ಗಲ್ಲ ಕಲ್ಲಿಗೆ ತಾಗಿದೆ. ಬೆರಳು ಹತ್ರ ತಗೊಂಡು ಹೋದ್ರೆ ಹಾರ್ಬೇಕಿತ್ತು, ಹಿಂಗಾಲಲ್ಲಿ ಒದ್ದು ಒದ್ದು ಇದ್ದಲ್ಲೇ ಸುತ್ತು ಬಂತು ಅಷ್ಟೆ. ಒಂದು ವಾರದಲ್ಲಿ ಹನ್ನೊಂದು ಸತ್ವು. ಮನೆ ಹಿಂದಿನ ಹೊಂಡದಲ್ಲಿ ಯಾರೂ ನೋಡ್ಕೊಳ್ದೆ ಬೆಳೆದಿದ್ದ ಇದೇ ಜಾತಿ ಮರಿಗಳು ಅದೇ ವಾರ ಗಟ್ಟಿ ಕಾಲಲ್ಲಿ ಗಿಡ ಹತ್ತಿದ್ವು. ಆಮೇಲೆ ಟಿಡಿಎಸ್ ಮೀಟರ್ (ನೀರಲ್ಲಿ ಕರಗಿರೋ ಲವಣ, ಖನಿಜ ಲೀಟರಿಗೆ ಎಷ್ಟು ಮಿಲಿಗ್ರಾಂ ಅಂತ ತೋರ್ಸೋದು) ತಂದು ಎರಡೂ ಕಡೆ ಅದ್ದಿ ನೋಡಿದೆ. ಟಬ್ಬಲ್ಲಿ 30, ಹೊಂಡದಲ್ಲಿ 160. ಝೂಗಳಲ್ಲಿ ಕಪ್ಪೆ ಸಾಕೋರು ಈ ಕಾಯಿಲೆನ ಸ್ಪಿಂಡ್ಲಿ ಲೆಗ್ ಅಂತಾರೆ, ನಾನು ಕಡ್ಡಿಗಾಲು ಅಂತೀನಿ. ಅದಕ್ಕೆ ಕಾರಣ ಒಂದೇ ಅಲ್ಲ, ಆಹಾರದ ಕೊರತೆನೂ ಸೇರ್ಕೊಂಡಿರತ್ತೆ, ಆದ್ರೆ ಖನಿಜ ಇಲ್ಲದ ನೀರಿನ ಮೇಲೆ ಅನುಮಾನ ದೊಡ್ಡದು. ನಾನಂತೂ ಆಮೇಲೆ ಬರಿ ಆರ್‌ಒ ನೀರು ಮುಟ್ಟಿಲ್ಲ.

ನೀರು ಯಾಕೆ ಇಷ್ಟು ಮುಖ್ಯ

ನಾವು ಕ್ಯಾಲ್ಸಿಯಂ (ಅದೇ ಸುಣ್ಣದಂಶ) ಅಂದ್ರೆ ತಿನ್ನೋದು ಅಂತ ಯೋಚ್ನೆ ಮಾಡ್ತೀವಿ, ರಾಗಿ, ಹಾಲು, ಅದು ಇದು. ಗೊದಮೊಟ್ಟೆಗೆ ಹಂಗಲ್ಲ, ಅದಕ್ಕೆ ಬೇಕಾದ ಕ್ಯಾಲ್ಸಿಯಂನ ಹೆಚ್ಚಿನ ಪಾಲು ಕಿವಿರು, ಚರ್ಮದ ಮೂಲಕ ನೇರ ನೀರಿಂದಾನೇ ಒಳಗೆ ಹೋಗತ್ತೆ. ಜೊತೆಗೆ ಇನ್ನೊಂದು ವಿಷ್ಯ. ಅದರ ಮೈಯೊಳಗಿನ ರಸ ಹೊರಗಿನ ನೀರಿಗಿಂತ ಉಪ್ಪು, ಹಾಗಾಗಿ ನೀರು ಸದಾ ಒಳಗೆ ನುಗ್ತಾ ಇರತ್ತೆ, ಉಪ್ಪು ಸದಾ ಹೊರಗೆ ಸೋರ್ತಾ ಇರತ್ತೆ. ಒಳಗೆ ಬಂದ ನೀರನ್ನ ಮೂತ್ರಪಿಂಡ ಹೊರಗೆ ಹಾಕತ್ತೆ, ಸೋರಿಹೋದ ಸೋಡಿಯಂ, ಕ್ಲೋರೈಡನ್ನ ಕಿವಿರು ಮತ್ತೆ ನೀರಿಂದ ಎಳ್ಕೊಳ್ಳತ್ತೆ. ನೀರಲ್ಲೇ ಏನೂ ಇಲ್ಲ ಅಂದ್ರೆ ಎಳ್ಕೊಳ್ಳೋದು ಎಲ್ಲಿಂದ? ಹೊಟ್ಟೆ ಬಲೂನ್ ಥರ ಊದ್ಕೊಂಡು ತೇಲೋ ಮರಿಗಳಿಗೆ ಎಷ್ಟೋ ಸಲ ಆಗಿರೋದು ಇದೇ.

ಇನ್ನೊಂದು ನನಗೆ ಬಹಳ ಇಷ್ಟವಾದ ಸಂಗತಿ ಇದೆ. ಗೊದಮೊಟ್ಟೆ ತನಗೆ ಸಿಕ್ಕ ಕ್ಯಾಲ್ಸಿಯಂನ ಆವತ್ತಾವತ್ತೇ ಖರ್ಚು ಮಾಡಲ್ಲ. ಒಳಗಿವಿಯಿಂದ ಶುರುವಾಗಿ ಬೆನ್ನುಮೂಳೆ ಪಕ್ಕ ಹಬ್ಬಿರೋ ಸಣ್ಣ ಚೀಲಗಳಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ರೂಪದಲ್ಲಿ ಕೂಡಿಡತ್ತೆ. ಕಾಲು ಬಂದು ಬಾಲ ಕರಗೋ ಹೊತ್ತಲ್ಲಿ ಬಾಯಿ ಆಕಾರನೇ ಬದಲಾಗ್ತಾ ಇರತ್ತೆ, ಏನೂ ತಿನ್ನೋಕೆ ಆಗಲ್ಲ, ಅದೇ ಸಮಯದಲ್ಲಿ ಮೂಳೆ ಗಟ್ಟಿ ಆಗ್ಬೇಕು. ಆಗ ಆ ಚೀಲದಿಂದ ತೆಗೆದು ಮೂಳೆಗೆ ಹಾಕತ್ತೆ. ಅಂದ್ರೆ ಕೂಡಿಡೋ ಕೆಲಸ ಮೊದಲ ವಾರದಿಂದಾನೇ ನಡೀಬೇಕು. ಕಾಲು ಬಂದ್ಮೇಲೆ ಅಯ್ಯೋ ಸಣ್ಣ ಇದೆಯಲ್ಲ ಅಂತ ಕ್ಯಾಲ್ಸಿಯಂ ಪುಡಿ ಉದುರಿಸಿದ್ರೆ ತಡ ಆಗಿಹೋಗಿರತ್ತೆ, ನಾನು ಹಾಗೆ ಮಾಡಿ ನೋಡಿದೀನಿ, ಒಂದೂ ಸುಧಾರಿಸ್ಲಿಲ್ಲ.

ನಿಮ್ಮನೆಲಿ ಬರೋದು ಯಾವ ನೀರು

ಬೆಂಗಳೂರಲ್ಲಿ ಕಾವೇರಿ ನೀರು ಬರ್ತಿದ್ರೆ ಖನಿಜದ ಚಿಂತೆ ಕಮ್ಮಿ, ಚಿಂತೆ ಇರೋದು ಕ್ಲೋರಿನ್‌ದು. ನಲ್ಲಿ ನೀರಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರ್ಬೇಕು ಅಂತ ಕುಡಿಯೋ ನೀರಿನ ಮಾನದಂಡ ಐಎಸ್ 10500 ಹೇಳತ್ತೆ, ನಮಗೆ ಅದು ರಕ್ಷಣೆ, ಗೊದಮೊಟ್ಟೆ ಕಿವಿರಿಗೆ ಅದು ಸುಡೋ ವಿಷ. ಅಗಲ ಬಾಯಿಯ ಬಕೆಟ್ಟಲ್ಲಿ ಹಿಡಿದು ಮುಚ್ಚದೆ ಎರಡು ದಿನ ಇಡಿ, ನಡುನಡುವೆ ಚೊಂಬಲ್ಲಿ ಎತ್ತಿ ಸುರೀರಿ, ಹಾರಿಹೋಗತ್ತೆ. ಅವಸರ ಇದ್ರೆ ಅಕ್ವೇರಿಯಂ ಅಂಗಡಿಲಿ ಆಂಟಿ ಕ್ಲೋರಿನ್ ಅಂತ ಸಣ್ಣ ಬಾಟ್ಲಿ ಸಿಗತ್ತೆ, ಸಾಮಾನ್ಯವಾಗಿ ಅದ್ರಲ್ಲಿರೋದು ಸೋಡಿಯಂ ಥಯೊಸಲ್ಫೇಟ್, ಬಾಟ್ಲಿ ಮೇಲೆ ಬರೆದಷ್ಟೇ ಹಾಕಿ. ಕಾಯಿಸಿ ಆರ್ಸಿದ ನೀರು ಹಾಕ್ಲಾ ಅಂತ ಕೇಳ್ತಾರೆ, ಬೇಡ. ಕ್ಲೋರಿನ್ ಹೋಗತ್ತೆ ನಿಜ, ಜೊತೆಗೆ ಒಂದಷ್ಟು ಸುಣ್ಣದಂಶನೂ ಹೋಗತ್ತೆ, ಗೀಸರ್ ಕಾಯಿಲ್ ಮೇಲೆ, ನೀರು ಕಾಯ್ಸೋ ಪಾತ್ರೆ ತಳದಲ್ಲಿ ಬಿಳಿ ಹಕ್ಕಳೆ ಕಟ್ಟತ್ತಲ್ಲ, ಅದೇ ಅದು.

ಬೋರ್ ನೀರು ಆದ್ರೆ ಮೊದಲು ಅಳೀರಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಟಿಡಿಎಸ್ ಸಾವಿರ ದಾಟೋದು ಹೊಸದೇನಲ್ಲ. ಅಷ್ಟು ಗಡಸು ನೀರನ್ನ ಹಾಗೇ ಹಾಕ್ಬೇಡಿ, ಬೆರೆಸಿ. ಆರ್‌ಒ ನೀರಿಗೆ ಉಪಯೋಗ ಇರೋದು ಇಲ್ಲೇ. ಬೋರ್ ನೀರು 800, ಆರ್‌ಒ 20 ಇದೆ ಅಂದ್ಕೊಳ್ಳಿ, ಒಂದು ಚೊಂಬು ಬೋರ್ ನೀರಿಗೆ ಮೂರು ಚೊಂಬು ಆರ್‌ಒ ಹಾಕಿದ್ರೆ ಸುಮಾರು 215 ಬರತ್ತೆ. ನಾನು ಇಟ್ಕೊಳ್ಳೋದು 150ರಿಂದ 300ರ ನಡುವೆ. ಬೋರಿಂದ ಆಗಷ್ಟೇ ಬಂದ ನೀರಲ್ಲಿ ಆಮ್ಲಜನಕ ಕಮ್ಮಿ ಇರತ್ತೆ, ಹಾಗಾಗಿ ಅದನ್ನೂ ಒಂದು ದಿನ ಬಿಟ್ಟು, ಎತ್ತಿ ಸುರಿದು ಆಮೇಲೆ ಬಳಸಿ. ಸುತ್ತ ಗೊಬ್ಬರ ಹಾಕೋ ಹೊಲ, ಇಲ್ಲ ಚರಂಡಿ ಇದ್ರೆ ನೈಟ್ರೇಟ್ ಒಂದ್ಸಲ ಪರೀಕ್ಷೆ ಮಾಡ್ಸಿ, ಕುಡಿಯೋ ನೀರಿಗೇ ಲೀಟರಿಗೆ 45 ಮಿಲಿಗ್ರಾಂ ಮಿತಿ. ಟ್ಯಾಂಕರ್ ನೀರಿಗೂ ಇದೇ ಮಾತು, ಪ್ರತಿ ಲೋಡಿಗೂ ಮೀಟರ್ ಅದ್ದಿ ನೋಡಿ, ನಿನ್ನೆ ಬಂದ ಬೋರ್ ಬೇರೆ ಇವತ್ತಿಂದು ಬೇರೆ ಇರ್ಬಹುದು.

ಅಪಾರ್ಟ್‌ಮೆಂಟಲ್ಲಿ ಇರೋರು ಇಲ್ಲಿ ಸ್ವಲ್ಪ ಗಮನ ಕೊಡಿ. ನಿಮ್ಮ ಕಟ್ಟಡದಲ್ಲಿ ಸಾಫ್ಟನರ್ ಪ್ಲಾಂಟ್ ಇದ್ರೆ ಮೀಟರ್ ನಿಮಗೆ ಮೋಸ ಮಾಡತ್ತೆ. ಸಾಫ್ಟನರ್ ಮಾಡೋ ಕೆಲಸ ಏನಂದ್ರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಅದರ ಜಾಗಕ್ಕೆ ಸೋಡಿಯಂ ಹಾಕೋದು. ಟಿಡಿಎಸ್ ಮುಂಚೆ ಎಷ್ಟಿತ್ತೋ ಹೆಚ್ಚುಕಮ್ಮಿ ಅಷ್ಟೇ ತೋರ್ಸತ್ತೆ, 600 ಅಂತ ಬರತ್ತೆ, ಆದ್ರೆ ಅದ್ರಲ್ಲಿ ಮರಿಗೆ ಬೇಕಾದ ಸುಣ್ಣದಂಶ ಹೆಚ್ಚೂಕಮ್ಮಿ ಇರೋದೇ ಇಲ್ಲ. ಅದಕ್ಕೇ ಟಿಡಿಎಸ್ ಜೊತೆ ಗಡಸುತನ ನೋಡೋ ಡ್ರಾಪ್ಸ್ ಕಿಟ್ ಒಂದು ತಗೊಳ್ಳಿ, ಅಕ್ವೇರಿಯಂ ಅಂಗಡಿಲಿ ಜಿಎಚ್ ಕಿಟ್ ಅಂತ ಕೇಳಿ. ಅದ್ರಲ್ಲಿ ಒಂದು ಡಿಗ್ರಿ ಅಂದ್ರೆ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ 17.8 ಮಿಲಿಗ್ರಾಂ, ಐದಾರು ಡಿಗ್ರಿ ಬಂದ್ರೆ ನನಗೆ ಸಮಾಧಾನ. ಕಿಟ್ ಇಲ್ವಾ, ಬಟ್ಟೆ ಸೋಪು ಉಜ್ಜಿ ನೋಡಿ, ಸ್ವಲ್ಪ ಉಜ್ಜಿದ್ರೆ ಸಾಕು ನೊರೆ ಬಂದುಬಿಡತ್ತೆ ಅಂದ್ರೆ ಮೆದು ನೀರು, ನೊರೆನೇ ಬರಲ್ಲ ಅಂದ್ರೆ ಗಡಸು. ಸೋಪು ಮುಟ್ಟಿದ ನೀರು, ಕೈ ಎರಡೂ ಟಬ್ಬಿಂದ ದೂರ ಇರ್ಲಿ.

ಮಲೆನಾಡು, ಕರಾವಳಿ ಕಡೆ ಕಥೆ ಉಲ್ಟಾ. ಜಂಬಿಟ್ಟಿಗೆ ನೆಲದ ಬಾವಿ ನೀರು ಕುಡಿಯೋಕೆ ಸಿಹಿ, ಆದ್ರೆ ತುಂಬಾ ಮೆದು, ಕೆಲವು ಕಡೆ ಪಿಎಚ್ (ಹುಳಿ, ಕ್ಷಾರದ ಅಳತೆ, ಏಳಕ್ಕಿಂತ ಕೆಳಗೆ ಅಂದ್ರೆ ಹುಳಿ) ಆರಕ್ಕಿಂತ ಕೆಳಗೂ ಇರತ್ತೆ. ಗೊದಮೊಟ್ಟೆಗೆ ಆರೂವರೆಯಿಂದ ಎಂಟರ ಒಳಗೆ ಇದ್ರೆ ಒಳ್ಳೇದು. ಕಬ್ಬಿಣದಂಶ ಇದ್ರೆ ಬಕೆಟ್ಟಲ್ಲಿ ರಾತ್ರಿ ಇಟ್ಟ ನೀರು ಬೆಳಗ್ಗೆ ಕೆಂಪಗಾಗಿರತ್ತೆ, ಗಸಿ ತಳಕ್ಕೆ ಕೂತ್ಮೇಲೆ ಮೇಲಿನ ತಿಳಿ ಮಾತ್ರ ತಗೊಳ್ಳಿ. ಸೂರಿನಿಂದ ಹಿಡಿದ ಮಳೆ ನೀರಲ್ಲೂ ಖನಿಜ ಇಲ್ಲ ಅಂತಾನೇ ಲೆಕ್ಕ. ಹೊಂಡದಲ್ಲಿರೋದೂ ಮಳೆ ನೀರೇ ಅಲ್ವಾ ಅಂದ್ರೆ, ಹೌದು, ಆದ್ರೆ ಅದು ಮಣ್ಣು, ಕಲ್ಲು, ಎಲೆ ಎಲ್ಲದರ ಮೇಲೆ ಹರಿದು ಬಂದು ಕೂತಿರೋ ನೀರು.

ಸುಣ್ಣದಂಶ ಸೇರಿಸೋದು ಹೇಗೆ, ಹೇಗೆ ಸೇರಿಸ್ಬಾರ್ದು

ಮೆದು ನೀರಿಗೆ ನಾನು ಹಾಕೋದು ಕಪ್ಪೆಚಿಪ್ಪು. ನಮ್ಮ ಭಾಷೆಲಿ ಆ ಚಿಪ್ಪಿಗೆ ಕಪ್ಪೆ ಹೆಸರು ಮೊದಲೇ ಅಂಟಿದೆ, ಅದನ್ನ ಕಪ್ಪೆಮರಿ ಟಬ್ಬಿಗೆ ಹಾಕೋವಾಗೆಲ್ಲ ನನಗೊಂದು ಖುಷಿ. ಚೆನ್ನಾಗಿ ತೊಳೆದು, ಎರಡು ಮೂರು ದಿನ ಸಿಹಿ ನೀರಲ್ಲಿ ನೆನೆಸಿ ಸಮುದ್ರದ ಉಪ್ಪು ಬಿಡಿಸಿ, ಜಜ್ಜಿ, ತೆಳು ಬಟ್ಟೆಲಿ ಗಂಟು ಕಟ್ಟಿ ಹತ್ತು ಲೀಟರಿಗೆ ಒಂದು ಹಿಡಿ ಅಂತ ಮುಳುಗಿಸಿಡಿ. ಮೊಟ್ಟೆ ಸಿಪ್ಪೆನೂ ಆಗತ್ತೆ, ಒಳಗಿನ ಪೊರೆ ತೆಗೆದು ಕುದಿಸಿ ಒಣಗಿಸಿ ಪುಡಿ ಮಾಡ್ಬೇಕು, ಪೊರೆ ಬಿಟ್ರೆ ಕೊಳೆಯತ್ತೆ. ಇವೆರಡೂ ಕ್ಯಾಲ್ಸಿಯಂ ಕಾರ್ಬೊನೇಟ್, ಇದರ ಒಳ್ಳೆ ಗುಣ ಏನಂದ್ರೆ ನೀರು ಹುಳಿ ಇದ್ರೆ ಕರಗತ್ತೆ, ಗಡಸಾಗ್ತಾ ಬಂದ ಹಾಗೆ ಕರಗೋದು ತಾನಾಗೇ ನಿಧಾನ ಆಗತ್ತೆ, ಜಾಸ್ತಿ ಆಯ್ತು ಅನ್ನೋ ಭಯ ಇಲ್ಲ.

ಎಲೆಅಡಿಕೆಗೆ ಹಾಕೋ ಸುಣ್ಣ ಮಾತ್ರ ಯಾವತ್ತೂ ಹಾಕ್ಬೇಡಿ. ಸುಣ್ಣ ಅಂದ್ರೆ ಕ್ಯಾಲ್ಸಿಯಂ ತಾನೇ ಅಂತ ಒಬ್ರು ಉಗುರಷ್ಟು ಕಲಸಿ ಬಿಟ್ರು, ಸಂಜೆಯೊಳಗೆ ಅಷ್ಟೂ ಮರಿ ತಳಕ್ಕೆ ಹೋದ್ವು. ಅದು ಸುಟ್ಟು ಅರಳಿಸಿದ ಸುಣ್ಣ, ಅದರ ತಿಳಿನೀರಿನ ಪಿಎಚ್ಚೇ 12ರ ಮೇಲಿರತ್ತೆ, ಚಿಪ್ಪಿನ ಸುಣ್ಣದಂಶದ ಗುಣನೇ ಬೇರೆ, ಅದರ ಗುಣನೇ ಬೇರೆ.

ಉಪ್ಪಿನ ವಿಷ್ಯಕ್ಕೆ ಬಂದ್ರೆ, ಲ್ಯಾಬಲ್ಲಿ ಕಪ್ಪೆ ಭ್ರೂಣ ಬೆಳೆಸೋರು ಇವತ್ತಿಗೂ ಬಳಸೋದ್ರಲ್ಲಿ ಒಂದು 1931ರಲ್ಲಿ ಯೊಹಾನೆಸ್ ಹೋಲ್ಟ್‌ಫ್ರೆಟರ್ ಅನ್ನೋ ಜರ್ಮನ್ ವಿಜ್ಞಾನಿ ಮಾಡಿದ ದ್ರಾವಣ. ಲೀಟರಿಗೆ ಸುಮಾರು ಮೂರೂವರೆ ಗ್ರಾಂ ಉಪ್ಪು, 0.2 ಗ್ರಾಂ ಅಡುಗೆ ಸೋಡಾ, 0.1 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್, 0.05 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, ಮರಿ ಸಾಕೋಕೆ ಅದನ್ನ ಹತ್ತು ಪಟ್ಟು ನೀರಾಗಿಸಿ ಬಳಸೋದೂ ಇದೆ. ಮನೇಲಿ ಇಷ್ಟೆಲ್ಲ ತೂಕ ಮಾಡೋ ಅಗತ್ಯ ಇಲ್ಲ. ಬರಿ ಮಳೆ ನೀರೋ ಆರ್‌ಒ ನೀರೋ ಬಿಟ್ಟು ಬೇರೆ ಗತಿನೇ ಇಲ್ಲ ಅಂದಾಗ ಚಿಪ್ಪಿನ ಗಂಟಿನ ಜೊತೆ ಹತ್ತು ಲೀಟರಿಗೆ ಒಂದು ಗ್ರಾಂ ಉಪ್ಪು ಕರಗಿಸಿ ಹಾಕಿ, ಅಷ್ಟೇ, ಅದಕ್ಕಿಂತ ಜಾಸ್ತಿ ಬೇಡ.

ತಾಮ್ರ

ಇದನ್ನ ಬೇರೆಯಾಗೇ ಹೇಳ್ಬೇಕು. ತಾಮ್ರದ ಹಂಡೆ, ಬಿಂದಿಗೆಲಿ ಇಟ್ಟ ನೀರು ಒಳ್ಳೇದು ಅಂತ ನಮ್ಮ ಮನೆಗಳಲ್ಲಿ ನಂಬಿಕೆ, ನಮ್ಮ ಲೆಕ್ಕ ಏನೇ ಇರ್ಲಿ ಗೊದಮೊಟ್ಟೆಗೆ ತಾಮ್ರ ವಿಷ. ಹಿತ್ತಾಳೆ ಪಾತ್ರೆನೂ ಬೇಡ, ಪ್ಲಾಸ್ಟಿಕ್ ಟಬ್ಬು, ಗಾಜು, ಹಳೇ ಮಣ್ಣಿನ ಬಾನಿ ಆಗತ್ತೆ. ಅಡಿಕೆ ತೋಟ ಇರೋರಂತೂ ಜೋಪಾನ. ಕೊಳೆರೋಗಕ್ಕೆ ಬೋರ್ಡೋ ಹೊಡಿಯೋದು ಮಳೆಗಾಲದಲ್ಲೇ, ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ (ಅದು ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, ತೋಟದ ಬಸಿಗಾಲುವೆಲಿ ಗೊದಮೊಟ್ಟೆ ತುಂಬಿರೋದೂ ಅದೇ ತಿಂಗಳು. ಔಷಧಿ ಹೊಡೆದ ತೋಟದಿಂದ ಇಳಿದು ಬಂದ ನೀರು ತಗೋಬೇಡಿ, ಔಷಧಿ ಕಲಸಿದ ಡ್ರಮ್ಮು ಎಷ್ಟೇ ತೊಳೆದ್ರೂ ಬೇಡ. ನೀರು ಮೆದುವಾದಷ್ಟೂ ತಾಮ್ರದ ವಿಷ ಜಾಸ್ತಿ ತಟ್ಟತ್ತೆ, ಮಲೆನಾಡಿನ ನೀರು ಮೊದಲೇ ಮೆದು.

ಊಟ, ಅಯೋಡಿನ್, ಗಲೀಜು

ಪಾಲಕ್ ಬೇಯ್ಸಿ ಹಾಕಿ ಅಂತ ಎಲ್ಲ ಕಡೆ ಬರ್ದಿರ್ತಾರೆ. ಒಂದಿನ ಎರಡು ದಿನಕ್ಕೆ ಏನೂ ಆಗಲ್ಲ, ದಿನಾ ಅದನ್ನೇ ಹಾಕಿದ್ರೆ ಅದ್ರಲ್ಲಿರೋ ಆಕ್ಸಲೇಟು ಕ್ಯಾಲ್ಸಿಯಂನ ಹಿಡಿದು ಕಟ್ಟಿಹಾಕತ್ತೆ, ಮರಿಗಳ ಮೂತ್ರಪಿಂಡದಲ್ಲಿ ಕಲ್ಲು ಕಟ್ಟತ್ತೆ, ಪಾಲಕ್ ತಿನ್ನಿಸಿದ ಕಪ್ಪೆಗಳು ಹೀಗೆ ಸತ್ತಿದ್ದು 1960ರ ದಶಕದಲ್ಲೇ ದಾಖಲಾಗಿದೆ. ನೀರಲ್ಲಿ ಕಷ್ಟಪಟ್ಟು ಸೇರಿಸಿದ ಸುಣ್ಣದಂಶನ ಊಟದಲ್ಲಿ ಕಳೆದ ಹಾಗೆ. ಹರಿವೆ, ದಂಟು ಕೂಡ ಇದೇ ಗುಂಪು. ಲೆಟ್ಯೂಸ್ ಎಲೆ ಮೆತ್ತಗೆ ಬೇಯ್ಸಿ, ಸೌತೆಕಾಯಿ ತೆಳ್ಳಗೆ ಹೆಚ್ಚಿ ಹಾಕಿ. ಹೊಂಡದ ಕಲ್ಲಿಗೆ ಹಿಡಿದ ಹಸಿರು ಪಾಚಿ ಸಿಕ್ರೆ ಅದಕ್ಕಿಂತ ಒಳ್ಳೇದು ಇನ್ನೊಂದಿಲ್ಲ, ಕಲ್ಲಿನ ಸಮೇತ ತಂದು ಇಡಿ. ವಾರಕ್ಕೆ ಮೂರ್ನಾಲ್ಕು ದಿನ ಮೀನಿನ ಊಟದ ಕಾಳು ಪುಡಿ ಮಾಡಿ ಚಿಟಿಕೆ ಹಾಕಿ. ಅನ್ನ, ಬ್ರೆಡ್ ಹಾಕ್ಬೇಡಿ.

ಮೀನಿನ ಊಟ ಬೇಕು ಅನ್ನೋದಕ್ಕೆ ಪ್ರೋಟೀನ್ ಅಲ್ದೆ ಇನ್ನೊಂದು ಕಾರಣ ಅಯೋಡಿನ್. ಗೊದಮೊಟ್ಟೆ ಕಪ್ಪೆ ಆಗ್ಬೇಕು ಅಂದ್ರೆ ಥೈರಾಯ್ಡ್ ಹಾರ್ಮೋನ್ ಬೇಕೇ ಬೇಕು, ಆ ಹಾರ್ಮೋನ್ ತಯಾರಾಗೋಕೆ ಅಯೋಡಿನ್ ಬೇಕು. 1912ರಲ್ಲಿ ಗುಡರ್‌ನಾಚ್ ಅನ್ನೋ ವಿಜ್ಞಾನಿ ಗೊದಮೊಟ್ಟೆಗಳಿಗೆ ಪ್ರಾಣಿಗಳ ಥೈರಾಯ್ಡ್ ಗ್ರಂಥಿ ತಿನ್ನಿಸಿದಾಗ ಅವು ಬೆಳೆಯೋಕೆ ಮುಂಚೆನೇ ಪುಟಾಣಿ ಕಪ್ಪೆಗಳಾದ್ವು. ಉಲ್ಟಾ ಥೈರಾಯ್ಡ್ ತೆಗೆದ್ರೆ ಗೊದಮೊಟ್ಟೆ ಗೊದಮೊಟ್ಟೆಯಾಗೇ ದೊಡ್ಡದಾಗ್ತಾ ಹೋಗತ್ತೆ. ನಿಮ್ಮ ಟಬ್ಬಲ್ಲಿ ತಿಂಗಳುಗಟ್ಲೆ ದಪ್ಪ ಆಗ್ತಾ ಇದೆ, ಕಾಲು ಮಾತ್ರ ಬರ್ತಿಲ್ಲ ಅಂದ್ರೆ ಇದನ್ನೂ ಯೋಚ್ನೆ ಮಾಡಿ, ಚಳಿ ಮತ್ತು ಇಕ್ಕಟ್ಟು ಕೂಡ ಕಾರಣ ಇರ್ಬಹುದು. ಸಮುದ್ರ ಮೀನಿನ ಪುಡಿ ಸೇರಿರೋ ಕಾಳಲ್ಲಿ ಬೇಕಾದಷ್ಟು ಅಯೋಡಿನ್ ಸಿಗತ್ತೆ. ಗಾಯಕ್ಕೆ ಹಚ್ಚೋ ಅಯೋಡಿನ್ ಹನಿ ಹಾಕೋಕೆ ಹೋಗ್ಬೇಡಿ ದಯವಿಟ್ಟು.

ಇನ್ನು ಗಲೀಜು. ತಿಂದು ಬಿಟ್ಟಿದ್ದು, ಹಿಕ್ಕೆ, ಎಲ್ಲ ಕೊಳೆತು ಅಮೋನಿಯಾ ಆಗತ್ತೆ. ಗಡಸು ನೀರಿನೋರಿಗೆ ಇಲ್ಲಿ ಒಂದು ಎಚ್ಚರಿಕೆ ಇದೆ, ಅಂಥ ನೀರಿನ ಪಿಎಚ್ ಸಾಮಾನ್ಯವಾಗಿ ಎಂಟರ ಹತ್ರ ಇರತ್ತೆ, ಪಿಎಚ್ ಏರಿದ ಹಾಗೆ ಅಮೋನಿಯಾ ವಿಷ ರೂಪಕ್ಕೆ ತಿರುಗತ್ತೆ. 25 ಡಿಗ್ರಿ ಬಿಸಿ ಇರೋ ನೀರಲ್ಲಿ ಪಿಎಚ್ 7 ಇದ್ರೆ ಒಟ್ಟು ಅಮೋನಿಯಾದಲ್ಲಿ ನೂರಕ್ಕೆ ಒಂದು ಪಾಲೂ ವಿಷ ರೂಪದಲ್ಲಿ ಇರಲ್ಲ, ಪಿಎಚ್ 8ಕ್ಕೆ ನೂರಕ್ಕೆ ಐದು ದಾಟತ್ತೆ. ಅದಕ್ಕೇ ಒಂದು ಲೀಟರಿಗೆ ಒಂದು ಮರಿ ಲೆಕ್ಕ ಇಟ್ಕೊಳ್ಳಿ, ಊಟ ಹಾಕಿ ಎರಡು ಗಂಟೆ ಬಿಟ್ಟು ಉಳಿದಿದ್ದನ್ನ ಚಹಾ ಜರಡಿಲಿ ತೆಗೀರಿ, ದಿನ ಬಿಟ್ಟು ದಿನ ಮೂರರಲ್ಲಿ ಒಂದು ಪಾಲು ನೀರು ಬದಲಾಯಿಸಿ. ಒಂದೇ ಸಲ ಪೂರ್ತಿ ಬದಲಾಯಿಸ್ಬೇಡಿ. ಹೊಸ ನೀರು ಟಬ್ಬಿನ ಪಕ್ಕದಲ್ಲೇ ಇಟ್ಟಿದ್ದು ಆಗಿರ್ಬೇಕು, ಬಿಸಿ ತಣ್ಣು ಒಂದೇ ಇರತ್ತೆ. ತೆಗೆದ ನೀರು ಗಿಡಕ್ಕೆ ಹಾಕಿ, ದಾಸವಾಳ ಚೆನ್ನಾಗಿ ಬರತ್ತೆ. ಮರಿಗಳು ಆಗಾಗ ಮೇಲೆ ಬಂದು ಗಾಳಿ ಗುಟುಕರಿಸೋದು ಸಹಜ, ಎಲ್ಲವೂ ಒಟ್ಟಿಗೆ ಮೇಲೇ ಬಾಯಿ ಬಿಟ್ಕೊಂಡು ನಿಂತಿದ್ರೆ ಮಾತ್ರ ತಕ್ಷಣ ನೀರು ಬದಲಾಯಿಸಿ.

ಟಬ್ಬಿನ ಬಾಯಿಗೆ ಸೊಳ್ಳೆಪರದೆ ಬಟ್ಟೆ ಬಿಗಿಯಾಗಿ ಕಟ್ಟಿ, ಡೆಂಗಿ ಕಾಲ ಅದು, ಅಕ್ಕಪಕ್ಕದ ಮನೆಯೋರಿಗೂ ತೊಂದರೆ ಆಗ್ಬಾರ್ದು. ಸೊಳ್ಳೆ ಮರಿ ಕಂಡ್ರೆ ಜರಡಿಲಿ ತೆಗೀರಿ, ನೀರಿಗೆ ಯಾವ ಸೊಳ್ಳೆ ಔಷಧಿನೂ ಬೇಡ. ಸೊಳ್ಳೆ ಕ್ರೀಮ್ ಹಚ್ಚಿದ ಕೈ ಅದ್ದಬೇಡಿ.

ಮುಂಗಾಲು ಬಂದ ದಿನ

ಆವತ್ತಿಂದ ಊಟ ನಿಲ್ಲಿಸಿ, ನೀರು ಎರಡು ಬೆರಳಷ್ಟಕ್ಕೆ ಇಳಿಸಿ, ಇಳಿಜಾರಾಗಿ ಒಂದು ಒರಟು ಕಲ್ಲು ಇಡಿ. ಕಿವಿರು ಹೋಗಿ ಶ್ವಾಸಕೋಶ ಶುರುವಾಗಿರತ್ತೆ, ಹತ್ತೋಕೆ ಜಾಗ ಇಲ್ದಿದ್ರೆ ಕಪ್ಪೆಮರಿನೂ ನೀರಲ್ಲಿ ಮುಳುಗಿ ಸಾಯತ್ತೆ. ಚಿಪ್ಪಿನ ಗಂಟು ಹಾಗೇ ಇರ್ಲಿ. ಕಲ್ಲಿನ ಮೇಲೆ ಕೂತಾಗ ಪಕ್ಕದಿಂದ ನೋಡಿ, ಎದೆ ಕಲ್ಲಿಂದ ಮೇಲೆ ಎದ್ದಿರ್ಬೇಕು, ಮುಂಗಾಲಿನ ಮೊಣಕೈ ಹೊರಕ್ಕೆ ಬಾಗಿ ಮೈ ತೂಕ ಹೊತ್ತಿರ್ಬೇಕು. ಎರಡನೇ ವರ್ಷ ನಾನು ಬೆರೆಸಿದ ನೀರಲ್ಲಿ ಬೆಳೆಸಿದ ಮೊದಲ ಮರಿ ಹಾಗೆ ಕೂತಿದ್ದು ನೋಡಿ ಅಲ್ಲೇ ನೆಲದ ಮೇಲೆ ಎಷ್ಟೋ ಹೊತ್ತು ಕೂತಿದ್ದೆ, ಬೆರಳು ಹತ್ರ ತಂದೆ, ಟಬ್ಬು ದಾಟಿ ಕ್ರೋಟನ್ ಗಿಡಕ್ಕೆ ಹಾರ್ತು.

ಬಾಲ ಪೂರ್ತಿ ಕರಗಿದ್ಮೇಲೆ ಎಲ್ಲಿಂದ ತಂದಿದ್ರೋ ಅಲ್ಲೇ ಬಿಡಿ. ಬೇರೆ ಊರಿನ ಕೆರೆಗೆ, ಟ್ರಿಪ್ ಹೋದಾಗ ಕಾಡಿಗೆ ಬಿಡೋದು ಬೇಡ, ಕೈಟ್ರಿಡ್ ಅನ್ನೋ ಕಪ್ಪೆಗಳ ಚರ್ಮದ ಫಂಗಸ್ ಪಶ್ಚಿಮ ಘಟ್ಟದಲ್ಲೂ ಸಿಕ್ಕಿದೆ, ನೀರು, ಬಲೆ, ಬಕೆಟ್ ಮೂಲಕ ಅದು ಒಂದು ಕಡೆಯಿಂದ ಇನ್ನೊಂದು ಕಡೆ ಹೋಗತ್ತೆ. ಸಂಜೆ ಹೊತ್ತು ಬಿಡಿ, ಹಗಲಲ್ಲಿ ಬಿಟ್ರೆ ಕಾಗೆ ಕಾಯ್ತಿರತ್ತೆ, ಹನಿ ಬಿದ್ದ ಸಂಜೆ ಆದ್ರೆ ಇನ್ನೂ ಒಳ್ಳೇದು. ಟಬ್ಬು, ಜರಡಿ, ಚೊಂಬು ಸೋಪು ಹಾಕ್ದೆ ಉಜ್ಜಿ ತೊಳೆದು ಎರಡು ಮೂರು ದಿನ ಚೆನ್ನಾಗಿ ಬಿಸಿಲಲ್ಲಿ ಒಣಗಿಸಿ ಎತ್ತಿಡಿ, ಚಿಪ್ಪನ್ನೂ ಒಣಗಿಸಿಟ್ರೆ ಮುಂದಿನ ಮಳೆಗಾಲಕ್ಕೆ ಅದೇ ಬರತ್ತೆ.